ಅಂಬಾಸಿಡರ್‌ಗೆ ಎರಡು ಎಸ್.ಯು. ಕಾರ್ಬುರೇಟರ್: ಯಾವುದು ಯಾವ ಬಗೆ, ಪೆಟ್ರೋಲ್ ತೊಟ್ಟಿಕ್ಕುವುದು ಏಕೆ?

ಓದುಗರ ಪ್ರಶ್ನೆ: ತಂದೆಯವರ ಕಾಲದ 1964ರ ಅಂಬಾಸಿಡರ್ ನಮ್ಮಲ್ಲಿದೆ. 1489 ಸಿ.ಸಿ. ಪೆಟ್ರೋಲ್ ಎಂಜಿನ್, ಅದಕ್ಕೆ ಗಾಳಿ-ಪೆಟ್ರೋಲ್ ಬೆರೆಸಿ ಕೊಡಲು ಇಂಗ್ಲೆಂಡಿನ ಎಸ್.ಯು. ಕಂಪನಿಯ ಒಂದೇ ಕಾರ್ಬುರೇಟರ್. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದಾಗ ಕಾರ್ಬುರೇಟರಿನ ಕೆಳಗಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಪ್ಲಗ್‌ಗಳು ಮಸಿ ಹಿಡಿಯುತ್ತವೆ, ಮೈಲೇಜ್ ಏಳು ಕಿ.ಮೀ. ದಾಟುತ್ತಿಲ್ಲ. ಬೆಂಗಳೂರಿನ ಗುಜರಿಯಲ್ಲಿ ಇನ್ನೊಂದು ಎಸ್.ಯು. ಸಿಕ್ಕಿತು. ಎರಡರ ಮೈಮೇಲೂ ಎ.ಯು.ಸಿ. ಎಂದು ಶುರುವಾಗುವ ನಂಬರ್ ಉಬ್ಬಿಕೊಂಡಿದೆ. ಆದರೆ ಕಾರಿನಲ್ಲಿರುವುದರ ಫ್ಲೋಟ್ ಬಟ್ಟಲಿನ (ಪೆಟ್ರೋಲ್ ಮಟ್ಟ ಕಾಯುವ ತೇಲುಬುರುಡೆ ಇರುವ ಬಟ್ಟಲು) ಮುಚ್ಚಳಕ್ಕೆ ನಡುವೆ ಒಂದೇ ನಟ್, ಗುಜರಿಯದಕ್ಕೆ ಮೂರು ಸ್ಕ್ರೂ. ಗುಜರಿಯದರಲ್ಲಿ ಬಟ್ಟಲಿನಿಂದ ಜೆಟ್‌ಗೆ ಒಂದು ಪ್ಲಾಸ್ಟಿಕ್ ಪೈಪ್ ಕೂಡ ಇದೆ. ಮೆಕ್ಯಾನಿಕ್ “ಎಸ್.ಯು. ಎಲ್ಲಾ ಒಂದೇ, ಇದರ ಜೆಟ್ ತೆಗೆದು ಅದಕ್ಕೆ ಹಾಕೋಣ” ಎನ್ನುತ್ತಾರೆ. ಹಾಕಬಹುದೇ? ಇವೆರಡರಲ್ಲಿ ನಮ್ಮ ಕಾರಿನ ಅಸಲಿ ಯಾವುದು?

ಉತ್ತರ: ನಿಮ್ಮ ಕಾರಿನಲ್ಲಿರುವುದು ಎಚ್ ಬಗೆಯದು, ಗುಜರಿಯಲ್ಲಿ ಸಿಕ್ಕಿದ್ದು ಎಚ್‌ಎಸ್ ಬಗೆಯದು. ಬಾಯಿಯ ಅಳತೆ ಒಂದೂಕಾಲು ಇಂಚು ಇದ್ದರೆ ಮೊದಲನೆಯದು ಎಚ್2, ಎರಡನೆಯದು ಎಚ್‌ಎಸ್2. ಒಂದರ ಜೆಟ್ (ಪೆಟ್ರೋಲ್ ಹೊರಬಿಡುವ ಸಣ್ಣ ಕೊಳವೆ) ಇನ್ನೊಂದಕ್ಕೆ ಕೂರುವುದಿಲ್ಲ. ಬಲವಂತವಾಗಿ ಕೂರಿಸಲು ಹೋದರೆ ಎರಡೂ ಹಾಳಾಗುತ್ತವೆ, ಆ ಕೆಲಸಕ್ಕೆ ದಯವಿಟ್ಟು ಒಪ್ಪಬೇಡಿ. ಸೋರಿಕೆ, ಮಸಿ, ಮೈಲೇಜ್ ಎಂದು ನೀವು ಮೂರು ತೊಂದರೆ ಬರೆದಿದ್ದೀರಿ. ಮೂರಕ್ಕೂ ಬಹುಮಟ್ಟಿಗೆ ಕಾರಣ ಒಂದೇ, ಮತ್ತು ಅದು ಕಡಿಮೆ ಖರ್ಚಿನಲ್ಲಿ ಸರಿಹೋಗುವಂಥದ್ದು.

ಮೊದಲು ಆ ನಂಬರಿನ ವಿಚಾರ. ಎಸ್.ಯು. ಕೊಳ್ಳುವವರನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಅದೇ. ಮೈಮೇಲೆ ಉಬ್ಬಿಕೊಂಡಿರುವ ಎ.ಯು.ಸಿ. ಸಂಖ್ಯೆ ಆ ಎರಕದ ತುಂಡಿನ ಸಂಖ್ಯೆ ಮಾತ್ರ. ಒಂದೇ ಎರಕದ ಬಾಡಿಯನ್ನು ಹತ್ತಾರು ಕಾರುಗಳ ಕಾರ್ಬುರೇಟರಿಗೆ ಬಳಸುತ್ತಿದ್ದರು. ಕಾರಿಗೆ ತಕ್ಕಂತೆ ಬದಲಾಗುತ್ತಿದ್ದದ್ದು ಒಳಗಿನ ನೀಡಲ್, ಸ್ಪ್ರಿಂಗ್, ಲಿವರ್‌ಗಳು ಮತ್ತು ಫ್ಲೋಟ್ ಬಟ್ಟಲಿನ ಓರೆ. ಆದ್ದರಿಂದ ಬಾಡಿಯ ನಂಬರ್ ಹಿಡಿದು ಹುಡುಕಿದರೆ ಕಾರ್ಬುರೇಟರ್ ಯಾವ ಕಾರಿನದು ಎಂದು ತಿಳಿಯುವುದೇ ಇಲ್ಲ. ನಿಜವಾದ ಗುರುತು ಇರುವುದು ಫ್ಲೋಟ್ ಮುಚ್ಚಳದ ಮೇಲಿನ ಪುಟ್ಟ ತಗಡಿನಲ್ಲಿ. ಎಚ್ ಬಗೆಯಲ್ಲಿ ಅದು ನಡುವಿನ ನಟ್‌ನ ಅಡಿಯಲ್ಲಿರುತ್ತದೆ, ಎಚ್‌ಎಸ್‌ನಲ್ಲಿ ಮೂರು ಸ್ಕ್ರೂಗಳ ಪೈಕಿ ಒಂದರ ಅಡಿಯಲ್ಲಿ. ಹಳೆಯ ತಗಡುಗಳಲ್ಲಿ ಎ.ಯು.ಸಿ., ನಂತರದವುಗಳಲ್ಲಿ ಎ.ಯು.ಡಿ., ಇನ್ನೂ ಈಚಿನವುಗಳಲ್ಲಿ ಎಫ್.ಜೆಡ್.ಎಕ್ಸ್. ಎಂದು ಇರುತ್ತದೆ. ಸಂಖ್ಯೆಯ ಕೊನೆಗೆ ಒಂದು ಅಕ್ಷರವಿದ್ದರೆ ಅದೇ ವಿನ್ಯಾಸದಲ್ಲಿ ಮುಂದೆ ಆದ ತಿದ್ದುಪಡಿ ಎಂದರ್ಥ. ಈ ತಗಡನ್ನೂ ಕಣ್ಣುಮುಚ್ಚಿ ನಂಬಬೇಡಿ. ಮುಚ್ಚಳ ಬದಲಾದಾಗ ತಗಡೂ ಅದರ ಜೊತೆ ಹೋಗುತ್ತದೆ, ಗುಜರಿಯ ಮಾಲಿನಲ್ಲಿ ಇದು ಮಾಮೂಲಿ.

ಹಾಗಾಗಿ ನಂಬರಿಗಿಂತ ಮೊದಲು ಒಂದು ವಿಷಯ ನೋಡಿ: ಬಟ್ಟಲಿನಿಂದ ಜೆಟ್‌ಗೆ ಪೆಟ್ರೋಲ್ ಯಾವ ದಾರಿಯಲ್ಲಿ ಬರುತ್ತದೆ? ಎಸ್.ಯು. ಬಗೆಗಳ ವ್ಯತ್ಯಾಸವೆಲ್ಲ ಇಲ್ಲಿಂದ ಹುಟ್ಟುತ್ತದೆ.

ಎಸ್.ಯು. ಅಂದರೆ ಸ್ಕಿನ್ನರ್ಸ್ ಯೂನಿಯನ್. ಇಂಗ್ಲೆಂಡಿನಲ್ಲಿ ಚಪ್ಪಲಿ-ಬೂಟಿನ ವ್ಯಾಪಾರದ ಮನೆತನದ ಹರ್ಬರ್ಟ್ ಸ್ಕಿನ್ನರ್ 1905ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ವಿನ್ಯಾಸವಿದು. ಮೊದಲ ಮಾದರಿಗಳಲ್ಲಿ ಪಿಸ್ಟನ್ ಜಾಗದಲ್ಲಿ ಚರ್ಮದ ತಿದಿ ಇತ್ತು. 1926ರಲ್ಲಿ ಕಂಪನಿಯನ್ನು ವಿಲಿಯಂ ಮಾರಿಸ್ ಕೊಂಡರು. ಮಾರಿಸ್ ಆಕ್ಸ್‌ಫರ್ಡ್ ವಂಶದ ನಮ್ಮ ಅಂಬಾಸಿಡರ್‌ಗೆ ಎಸ್.ಯು. ಬಂದದ್ದು ಆ ನಂಟಿನಿಂದಲೇ. ತತ್ವ ಸರಳ: ಎಂಜಿನ್ ಎಳೆಯುವ ಗಾಳಿಗೆ ತಕ್ಕಂತೆ ಪಿಸ್ಟನ್ ಏರಿಳಿಯುತ್ತದೆ. ಅದರ ತಳದಲ್ಲಿರುವ ಚೂಪು ನೀಡಲ್ ಜೆಟ್‌ನ ತೂತಿನಲ್ಲಿ ಆಡುತ್ತಾ ಪೆಟ್ರೋಲನ್ನು ಅಳೆದು ಬಿಡುತ್ತದೆ. ಸೋಲೆಕ್ಸ್ ಕಂಪನಿಯ ಕಾರ್ಬುರೇಟರ್‌ನಲ್ಲಿರುವಂತೆ ನಾಲ್ಕಾರು ಜೆಟ್ ಇಲ್ಲ, ಇರುವುದು ಒಂದೇ. ಚೋಕ್ ಎಳೆದರೆ ಆ ಜೆಟ್ ಕೆಳಗೆ ಜಾರುತ್ತದೆ, ನೀಡಲ್‌ನ ಸಣ್ಣ ಭಾಗ ಎದುರಾಗಿ ಪೆಟ್ರೋಲ್ ಹೆಚ್ಚಾಗುತ್ತದೆ.

ಜೆಟ್ ಜಾರಬೇಕು, ಆದರೆ ಪೆಟ್ರೋಲ್ ಸೋರಬಾರದು. ಇದಕ್ಕೆ ಎಚ್ ಬಗೆ ಕಂಡುಕೊಂಡ ಉತ್ತರ ಕಾರ್ಕ್ ಗ್ಲ್ಯಾಂಡ್. ಪೆಟ್ರೋಲ್ ಬಟ್ಟಲಿನ ತೋಳಿನೊಳಗಿಂದ ಬಾಡಿಗೆ ಬಂದು, ಜೆಟ್‌ನ ಪಕ್ಕದಲ್ಲಿರುವ ತೂತುಗಳ ಮೂಲಕ ಒಳನುಗ್ಗುತ್ತದೆ. ಆ ತೂತುಗಳ ಮೇಲೊಂದು ಕೆಳಗೊಂದು ಕಾರ್ಕ್ ಉಂಗುರ ಜೆಟ್ಟನ್ನು ಹಿಡಿದುಕೊಂಡಿರುತ್ತದೆ. ಎಚ್‌ಎಸ್‌ನಲ್ಲಿ ಈ ರಗಳೆಯೇ ಇಲ್ಲ. ಬಾಗುವ ನೈಲಾನ್ ಪೈಪ್ ಬಟ್ಟಲಿನ ತಳದಿಂದ ನೇರ ಜೆಟ್‌ನ ಬುಡಕ್ಕೆ ಬರುತ್ತದೆ, ಜೆಟ್ ಇಳಿದರೆ ಪೈಪೂ ಜೊತೆಗೆ ಇಳಿಯುತ್ತದೆ. 1959ರ ಮಿನಿ ಕಾರಿನಲ್ಲಿ ಇದ್ದದ್ದು ಎಚ್‌ಎಸ್2. ಈ ಎರಡರ ಮಧ್ಯೆ ಎಚ್‌ಡಿ ಎಂಬುದೊಂದಿದೆ, ಅದರ ಜೆಟ್‌ನ ಬುಡದಲ್ಲಿ ರಬ್ಬರ್ ಡಯಾಫ್ರಮ್ ಇರುತ್ತದೆ. 1970ರ ದಶಕದ ಎಚ್‌ಐಎಫ್‌ನಲ್ಲಿ ಪಕ್ಕದ ಬಟ್ಟಲೇ ಇಲ್ಲ, ಫ್ಲೋಟ್ ಬಾಡಿಯ ಅಡಿಯಲ್ಲೇ ಅಡಗಿರುತ್ತದೆ. ನಿಮಗೆ ಈ ಎರಡೂ ಸಂಬಂಧಪಡುವುದಿಲ್ಲ. ಆದರೆ ಗುಜರಿಯಲ್ಲಿ ಎಸ್.ಯು. ಎಂದು ಝೆನಿತ್ ಸ್ಟ್ರಾಂಬರ್ಗ್ ಕೊಟ್ಟುಬಿಡುವವರಿದ್ದಾರೆ. ಹೊರಗಿನಿಂದ ಎಸ್.ಯು. ಹಾಗೆಯೇ ಕಾಣುತ್ತದೆ, ಮೇಲಿನ ಮುಚ್ಚಳ ಬಿಚ್ಚಿದರೆ ಪಿಸ್ಟನ್‌ಗೆ ರಬ್ಬರ್ ಪೊರೆ ಅಂಟಿಕೊಂಡಿರುತ್ತದೆ. ಹಾಗಿದ್ದರೆ ಅದು ಎಸ್.ಯು. ಅಲ್ಲ.

ಅಳತೆಯ ಲೆಕ್ಕ ಸುಲಭ. ಎಚ್ ಮತ್ತು ಎಚ್‌ಎಸ್ ಹೆಸರಿನ ಮುಂದಿನ ಅಂಕಿಯನ್ನು ಇಂಚಿನ ಎಂಟನೇ ಭಾಗಗಳೆಂದು ತಿಳಿದು ಒಂದು ಇಂಚಿಗೆ ಕೂಡಿಸಿ. 2 ಅಂದರೆ 1¼ ಇಂಚು (31.75 ಮಿ.ಮೀ.), 4 ಅಂದರೆ 1½ ಇಂಚು (38.1), 6 ಅಂದರೆ 1¾ ಇಂಚು (44.45). ವರ್ನಿಯರ್ ಹಿಡಿದು ಥ್ರಾಟಲ್ ತಟ್ಟೆ ಇರುವ ಕಡೆಯ ಬಾಯಿಯನ್ನು ಅಳೆಯಿರಿ. ಗಾಳಿ ಒಳಬರುವ ಕಡೆ ಅಂಚು ಅಗಲವಾಗಿರುವುದರಿಂದ ಅಲ್ಲಿನ ಅಳತೆ ಮೋಸ ಮಾಡುತ್ತದೆ.

ಈಗ ನಿಮ್ಮ ತೊಂದರೆಗೆ ಬರೋಣ. ಚೋಕ್ ಎಳೆದಾಗಲೇ ತೊಟ್ಟಿಕ್ಕುತ್ತದೆ ಎಂದು ಬರೆದಿದ್ದೀರಿ, ಇಡೀ ಪ್ರಶ್ನೆಯಲ್ಲಿ ಬೆಲೆಬಾಳುವ ಮಾತು ಅದು. ಕಾರು ವಾರಗಟ್ಟಲೆ ನಿಂತರೆ ಬಟ್ಟಲಿನ ಪೆಟ್ರೋಲ್ ಆರಿ, ಕಾರ್ಕ್ ಒಣಗಿ ಸುಕ್ಕಾಗುತ್ತದೆ. ಚೋಕ್ ಎಳೆದಾಗ ಜೆಟ್ ಆ ಒಣ ಕಾರ್ಕಿನಲ್ಲಿ ಉಜ್ಜಿಕೊಂಡು ಇಳಿಯುತ್ತದೆ, ಸಂದಿಯಲ್ಲಿ ಪೆಟ್ರೋಲ್ ಸೋರುತ್ತದೆ. ಚೋಕ್ ಒಳಗೆ ತಳ್ಳಿದ ಮೇಲೆ ಜೆಟ್ ಸ್ಪ್ರಿಂಗಿನ ಎಳೆತಕ್ಕೆ ಮೇಲೇರಿ ಅಡ್ಜಸ್ಟಿಂಗ್ ನಟ್‌ಗೆ ತಾಗಿ ನಿಲ್ಲಬೇಕು. ಬಿಗಿಹಿಡಿದ ಕಾರ್ಕ್ ಅದನ್ನು ಅರ್ಧದಲ್ಲೇ ತಡೆದುಬಿಡುತ್ತದೆ. ಡ್ಯಾಶ್‌ಬೋರ್ಡಿನ ಚೋಕ್ ಗುಬುಟು ಪೂರ್ತಿ ಒಳಗಿದ್ದರೂ ಎಂಜಿನ್ ಅರ್ಧ ಚೋಕ್‌ನಲ್ಲೇ ಓಡುತ್ತಿರುತ್ತದೆ. ಮಸಿ ಪ್ಲಗ್, ಏಳರ ಮೈಲೇಜ್ ಎರಡೂ ಅಲ್ಲಿಂದ ಬರುತ್ತವೆ.

ಇದನ್ನು ಪರೀಕ್ಷಿಸಲು ಏನನ್ನೂ ಬಿಚ್ಚಬೇಕಿಲ್ಲ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿದ್ದಾಗ, ಚೋಕ್ ಪೂರ್ತಿ ಒಳಗಿರಲಿ. ಕಾರ್ಬುರೇಟರಿನ ಅಡಿಗೆ ಕೈ ಹಾಕಿ ಜೆಟ್‌ನ ಬುಡವನ್ನು ಬೆರಳಿನಿಂದ ಮೇಲಕ್ಕೆ ಒತ್ತಿ. ಅದು ಒಂದೆರಡು ಮಿ.ಮೀ. ಮೇಲೇರಿ ಎಂಜಿನ್ ಸದ್ದು ಹಗುರಾದರೆ ಕಾಯಿಲೆ ಇದೇ. ಅಲ್ಲಾಡದೆ ಗಟ್ಟಿ ನಿಂತಿದ್ದರೆ ಬೇರೆ ಕಡೆ ಹುಡುಕಬೇಕು. ಕೈ ಸುಟ್ಟುಕೊಳ್ಳಬೇಡಿ: ಈ ಎಂಜಿನ್‌ನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಪಕ್ಕ. ಕಾರ್ಬುರೇಟರಿನ ಅಡಿಯಲ್ಲೇ ಕಾದ ಎಕ್ಸಾಸ್ಟ್ ಇರುತ್ತದೆ. ಅದೇ ಕಾರಣಕ್ಕೆ ಈ ಸೋರಿಕೆಯನ್ನು “ಸ್ವಲ್ಪ ತಾನೆ” ಎಂದು ಬಿಡಬಾರದು. ಸರಿಯಾಗುವವರೆಗೂ ಕಾರು ಓಡಿಸಬೇಡಿ.

ಇನ್ನೊಂದು ಸೋರಿಕೆಯನ್ನು ಇದರ ಜೊತೆ ಕಲಸಿಕೊಳ್ಳಬಾರದು. ಚೋಕ್ ಮುಟ್ಟದಿದ್ದರೂ ಸೋರಿದರೆ, ಅಥವಾ ಪಿಸ್ಟನ್ ತೆಗೆದು ನೋಡಿದಾಗ ಜೆಟ್‌ನ ಬಾಯಿಂದ ಪೆಟ್ರೋಲ್ ಉಕ್ಕಿ ಹರಿಯುತ್ತಿದ್ದರೆ, ತಪ್ಪು ಗ್ಲ್ಯಾಂಡಿನದ್ದಲ್ಲ, ಫ್ಲೋಟಿನದ್ದು. ಫ್ಲೋಟ್ ತೂತಾಗಿ ಪೆಟ್ರೋಲ್ ಕುಡಿದಿರಬಹುದು (ಕಿವಿಯ ಬಳಿ ಅಲ್ಲಾಡಿಸಿದರೆ ಕುಲುಕುವ ಸದ್ದು ಕೇಳುತ್ತದೆ), ಬಟ್ಟಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ಸವೆದಿರಬಹುದು, ಮಟ್ಟ ತಪ್ಪಿರಬಹುದು. ಎಚ್2ರಲ್ಲಿ ಮಟ್ಟ ನೋಡಲು ಮುಚ್ಚಳವನ್ನು ತಲೆಕೆಳಗಾಗಿ ಹಿಡಿದು, ಕವಲು ಲಿವರ್ ಮತ್ತು ಮುಚ್ಚಳದ ಅಂಚಿನ ನಡುವೆ ಕೈಪಿಡಿಯಲ್ಲಿ ಹೇಳಿದ ದಪ್ಪದ ದುಂಡು ಸರಳು ಇಡಬೇಕು. ಅದೇ ಅಳತೆಯ ಡ್ರಿಲ್ ಬಿಟ್‌ನ ನುಣುಪು ಬುಡ ಸಾಕು. ಎಚ್‌ಎಸ್‌ನಲ್ಲಿ ನೈಲಾನ್ ಫ್ಲೋಟ್ ಮುಚ್ಚಳಕ್ಕೇ ತೂಗುಬಿದ್ದಿರುತ್ತದೆ, ಅಲ್ಲಿ ಅಂತರ 1/8ರಿಂದ 3/16 ಇಂಚು. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಿಡಿದು ಲಿವರ್ ಬಗ್ಗಿಸಿದರೆ ಉಕ್ಕುವುದು ನಿಲ್ಲುವುದೇ ಇಲ್ಲ.

ನನ್ನ ಸಲಹೆ ಎಚ್2ನ್ನೇ ಉಳಿಸಿಕೊಂಡು ಗ್ಲ್ಯಾಂಡ್ ಬದಲಿಸುವುದು. ಒಳ್ಳೆಯ ಮೆಕ್ಯಾನಿಕ್‌ಗೆ ಅರ್ಧ ದಿನದ ಕೆಲಸ. ಬ್ಯಾಟರಿ ವೈರ್ ಬಿಚ್ಚಿ, ಕಾರ್ಬುರೇಟರನ್ನು ಇಳಿಸಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕೆಲಸ ಶುರು ಮಾಡಿ. ಲಿವರ್ ಕಳಚಿದರೆ ಜೆಟ್ ಕೆಳಗೆ ಜಾರಿ ಬರುತ್ತದೆ. ಅಡ್ಜಸ್ಟಿಂಗ್ ನಟ್ ಮತ್ತು ಅದರ ಸ್ಪ್ರಿಂಗ್ ತೆಗೆದು, ಮೇಲಿನ ದೊಡ್ಡ ಹಿತ್ತಾಳೆಯ ಲಾಕಿಂಗ್ ಸ್ಕ್ರೂ ಬಿಚ್ಚಿದರೆ ಒಳಗಿನ ಸಾಲು ಹೊರಬರುತ್ತದೆ. ಮೇಲಿನಿಂದ ಕೆಳಕ್ಕೆ ಅದು ಹೀಗಿರುತ್ತದೆ: ತಾಮ್ರದ ವಾಷರ್ ಜೊತೆ ಮೇಲಿನ ಬೇರಿಂಗ್, ಕಾರ್ಕ್, ಹಿತ್ತಾಳೆಯ ಕಪ್ ವಾಷರ್, ಚಿಕ್ಕ ಸ್ಪ್ರಿಂಗ್, ಇನ್ನೊಂದು ಕಪ್ ವಾಷರ್, ಇನ್ನೊಂದು ಕಾರ್ಕ್, ತಾಮ್ರದ ವಾಷರ್ ಜೊತೆ ಕೆಳಗಿನ ಬೇರಿಂಗ್. ಹೊರಗಡೆ ಲಾಕಿಂಗ್ ಸ್ಕ್ರೂಗೆ ಒಂದು ದೊಡ್ಡ ಕಾರ್ಕ್ ಉಂಗುರ ಬೇರೆ. ತೆಗೆದ ಹಾಗೆಯೇ ಸಾಲಾಗಿ ಜೋಡಿಸಿ ಫೋಟೋ ತೆಗೆದುಕೊಳ್ಳಿ. ಕಪ್ ವಾಷರ್‌ಗಳ ಗುಳಿ ಕಾರ್ಕ್‌ನ ಕಡೆಗೇ ಇರಬೇಕು, ಸ್ಪ್ರಿಂಗಿನ ಕಡೆಗಲ್ಲ. ಇದನ್ನು ತಿರುಗುಮುರುಗು ಹಾಕಿದ್ದರಿಂದಲೇ ಹೊಸ ಕಾರ್ಕ್ ಕೂಡ ಒಂದೇ ವಾರದಲ್ಲಿ ಸೋರಿದ ಕಾರ್ಬುರೇಟರ್‌ಗಳು ಬಹಳ.

ಹೊಸ ಕಾರ್ಕ್‌ಗಳನ್ನು ಹಾಕುವ ಮುಂಚೆ ಒಂದು ರಾತ್ರಿ ಎಂಜಿನ್ ಆಯಿಲ್‌ನಲ್ಲಿ ನೆನೆಹಾಕಿ. ಒಣ ಕಾರ್ಕ್ ಜೆಟ್ ತೂರಿಸುವಾಗಲೇ ಸೀಳುತ್ತದೆ. ಕಾರು ತಿಂಗಳಿಗೊಮ್ಮೆ ಮಾತ್ರ ಹೊರಬರುವುದಾದರೆ ಕಾರ್ಕ್ ಬದಲು ವೈಟಾನ್ ರಬ್ಬರಿನ ಉಂಗುರ ಹಾಕಿಸಿ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಅದರಲ್ಲಿ ಉಬ್ಬುತ್ತದೆ ಇಲ್ಲವೇ ಒಡೆಯುತ್ತದೆ. ಎಥೆನಾಲ್ ಗಾಳಿಯ ತೇವ ಹೀರುವುದರಿಂದ ನಿಂತ ಕಾರಿನ ಫ್ಲೋಟ್ ಬಟ್ಟಲಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಕಾರು ನಿಲ್ಲಿಸಿಡುವ ಮುಂಚೆ ಬಟ್ಟಲು ಖಾಲಿ ಮಾಡುವುದು ಒಳ್ಳೆಯದೇ, ಆದರೆ ಕಾರ್ಕ್ ಗ್ಲ್ಯಾಂಡ್ ಇದ್ದರೆ ಹಾಗೆ ಮಾಡಿದಾಗ ಕಾರ್ಕ್ ಇನ್ನೂ ಬೇಗ ಒಣಗುತ್ತದೆ. ವೈಟಾನ್ ಹಾಕಿದರೆ ಈ ಇಕ್ಕಟ್ಟು ತಪ್ಪುತ್ತದೆ.

ಬಿಚ್ಚಿದ ಕೈಯಲ್ಲೇ ಜೆಟ್‌ನ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ. ದುಂಡಗಿರಬೇಕಾದ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ನೀಡಲ್ ಒಂದೇ ಪಕ್ಕ ಉಜ್ಜುತ್ತಿತ್ತು ಎಂದರ್ಥ. ಅಂಥ ಜೆಟ್ ಯಾವ ಟ್ಯೂನಿಂಗ್‌ಗೂ ಬಗ್ಗುವುದಿಲ್ಲ. ಜೆಟ್, ನೀಡಲ್ ಎರಡನ್ನೂ ಒಟ್ಟಿಗೇ ಬದಲಿಸಬೇಕು. ನೀಡಲ್‌ನ ಗುರುತಿನ ಅಕ್ಷರ ಪಿಸ್ಟನ್ ಒಳಗೆ ಕೂರುವ ಬುಡದ ಮೇಲಿರುತ್ತದೆ, ಪಕ್ಕದ ಪುಟ್ಟ ಸ್ಕ್ರೂ ಸಡಿಲಿಸಿ ಹೊರತೆಗೆದರಷ್ಟೇ ಕಾಣುತ್ತದೆ. ಉದಾಹರಣೆಗೆ 1098 ಸಿ.ಸಿ. ಮಾರಿಸ್ ಮೈನರ್‌ನ ನೀಡಲ್ ಎ.ಎನ್. ನಿಮ್ಮದು ಯಾವುದಿರಬೇಕು ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿ, ಗುಜರಿ ಕಾರ್ಬುರೇಟರಿನೊಳಗೆ ಸಿಕ್ಕಿದ ನೀಡಲ್ ಹಾಕಬೇಡಿ. ಎರಡು ನೀಡಲ್‌ಗಳ ವ್ಯತ್ಯಾಸ ಇಂಚಿನ ಸಾವಿರದ ಒಂದೆರಡು ಭಾಗ ಇರಬಹುದು, ಬರಿಗಣ್ಣಿಗೆ ಕಾಣುವುದಿಲ್ಲ, ಪಿಕಪ್‌ನಲ್ಲಿ ಮಾತ್ರ ಗೊತ್ತಾಗುತ್ತದೆ. ಮತ್ತೆ ಕೂರಿಸುವಾಗ ನೀಡಲ್‌ನ ಭುಜ ಪಿಸ್ಟನ್‌ನ ತಳಕ್ಕೆ ಸಮನಾಗಿರಲಿ.

ನಂತರ ಜೆಟ್ಟನ್ನು ನೀಡಲ್‌ಗೆ ನಡುಮಧ್ಯ ಮಾಡುವ ಕೆಲಸ, ಅವಸರ ಮಾಡಬಾರದ ಹಂತ ಇದೇ. ಲಾಕಿಂಗ್ ಸ್ಕ್ರೂವನ್ನು ಬೆರಳಿಗೆ ತಿರುಗುವಷ್ಟು ಸಡಿಲವಿಟ್ಟು, ಸ್ಪ್ರಿಂಗ್ ಇಲ್ಲದೆ ಅಡ್ಜಸ್ಟಿಂಗ್ ನಟ್ಟನ್ನು ಪೂರ್ತಿ ಮೇಲೇರಿಸಿ. ಮೇಲಿನಿಂದ ಪೆನ್ಸಿಲ್ ಹಾಕಿ ಪಿಸ್ಟನ್ನನ್ನು ಮೆಲ್ಲಗೆ ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ. ಈಗ ಪಿಸ್ಟನ್ ಎತ್ತಿ ಬಿಟ್ಟರೆ ತಳಕ್ಕೆ ಬಡಿದು “ಟಕ್” ಎಂದು ಖಚಿತವಾದ ಸದ್ದು ಬರಬೇಕು. ಜೆಟ್ಟನ್ನು ಕೆಳಗಿಳಿಸಿ ಮತ್ತೆ ಬಿಡಿ. ಎರಡು ಸಲವೂ ಸದ್ದು ಒಂದೇ ತರಹ ಇದ್ದರೆ ಸರಿ. ಜೆಟ್ ಮೇಲಿದ್ದಾಗ ಸದ್ದು ಮಂಕಾದರೆ ನೀಡಲ್ ತಾಗುತ್ತಿದೆ, ಮತ್ತೆ ಮೊದಲಿನಿಂದ ಮಾಡಿ. ನಾಲ್ಕೈದು ಸಲ ಮಾಡಬೇಕಾಗಬಹುದು.

ಮಿಕ್ಸ್ಚರ್‌ಗೆ ಸ್ಪ್ರಿಂಗ್ ಸಹಿತ ನಟ್ ಹಾಕಿ, ಜೆಟ್‌ನ ಬಾಯಿ ಸೇತುವೆಯ (ಗಾಳಿದಾರಿಯ ತಳದಲ್ಲಿ ಪಿಸ್ಟನ್ ಕೂರುವ ಉಬ್ಬು) ಮಟ್ಟಕ್ಕೆ ಬರುವವರೆಗೆ ಏರಿಸಿ, ಅಲ್ಲಿಂದ ಎರಡು ಸುತ್ತು, ಅಂದರೆ ಹನ್ನೆರಡು ಮುಖ, ಇಳಿಸಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪಿಸ್ಟನ್ನನ್ನು ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿ ಕಿವಿಗೊಡಿ. ಓಟ ಏರಿ ಹಾಗೇ ನಿಂತರೆ ರಿಚ್ (ಪೆಟ್ರೋಲ್ ಹೆಚ್ಚು), ನಟ್ ಒಂದು ಮುಖ ಏರಿಸಿ. ಎಂಜಿನ್ ತಕ್ಷಣ ಕುಗ್ಗಿದರೆ ಲೀನ್ (ಪೆಟ್ರೋಲ್ ಕಡಿಮೆ), ಒಂದು ಮುಖ ಇಳಿಸಿ. ಕ್ಷಣಮಾತ್ರ ಏರಿ ಮೊದಲಿನಂತಾದರೆ ಸರಿಯಾಗಿದೆ. ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆಯ ಲೆಕ್ಕಕ್ಕಿಂತ ಶೇ. 7–8ರಷ್ಟು ಹೆಚ್ಚು ಇಂಧನ ಬೇಕು. ಹಾಗಾಗಿ ನಟ್ ಹಿಂದಿಗಿಂತ ತುಸು ಕೆಳಗೆ ನಿಂತರೆ ಗಾಬರಿಯಾಗಬೇಡಿ.

ಪಿಸ್ಟನ್ ಥಟ್ಟನೆ ಏರದಂತೆ ತಡೆಯುವ ಡ್ಯಾಂಪರ್‌ನ ಆಯಿಲ್ 20 ಗ್ರೇಡ್ ಇರಲಿ. ಗಟ್ಟಿ ಆಯಿಲ್ ಹಾಕಿದರೆ ಮೈಲೇಜ್ ಬರುತ್ತದೆ ಎಂಬುದು ಬರೀ ನಂಬಿಕೆ. ಆ್ಯಕ್ಸಿಲರೇಟರ್ ಒತ್ತಿದಾಗ ಪಿಸ್ಟನ್ ತಡವಾಗಿ ಏರಿ ರಿಚ್ ಆಗುತ್ತದೆ, ಅಷ್ಟೆ. ಎಷ್ಟು ಹಾಕಬೇಕು ಎಂಬುದಕ್ಕೂ ಎರಡು ಬಗೆಯಿದೆ. ಡ್ಯಾಂಪರಿನ ಮುಚ್ಚಳದಲ್ಲಿ ಗಾಳಿತೂತು ಇದ್ದರೆ ಪಿಸ್ಟನ್‌ನ ಟೊಳ್ಳು ಕಡ್ಡಿಯ ತುದಿಗಿಂತ ಅರ್ಧ ಇಂಚು ಕೆಳಗೆ, ತೂತಿಲ್ಲದ ಧೂಳುನಿರೋಧಕ ಬಗೆಯಾದರೆ ತುದಿಗಿಂತ ಅರ್ಧ ಇಂಚು ಮೇಲೆ.

ಇನ್ನು ಗುಜರಿಯ ಎಚ್‌ಎಸ್2. ಇಡಿಯಾಗಿ ಅದನ್ನೇ ಹಾಕಬಹುದೇ ಎಂದರೆ, ಹಾಕಬಹುದು, ಆದರೆ ನೋಡಬೇಕಾದ್ದು ಕೆಲವಿದೆ. ಫ್ಲಾಂಜ್‌ನ (ಕಾರ್ಬುರೇಟರ್ ಎಂಜಿನ್‌ಗೆ ಕೂರುವ ಚಪ್ಪಟೆ ಮುಖ) ಸ್ಟಡ್ ಅಂತರ ನಿಮ್ಮ ಮ್ಯಾನಿಫೋಲ್ಡ್‌ಗೆ ಹೊಂದಬೇಕು. ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪಿಗೆ ಕೊಳವೆ ಇರಬೇಕು, ಇಲ್ಲದಿದ್ದರೆ ಅಡ್ವಾನ್ಸ್ (ಪ್ಲಗ್ ಕಿಡಿಯನ್ನು ತುಸು ಮುಂಚೆ ಹೊತ್ತಿಸುವ ಏರ್ಪಾಡು) ಕೆಲಸ ಮಾಡದೆ ಮೈಲೇಜ್ ಮತ್ತೆ ಕುಸಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎಂಜಿನ್ ಮೇಲೆ ಕೂರಿಸಿದಾಗ ಫ್ಲೋಟ್ ಬಟ್ಟಲು ನೆಟ್ಟಗೆ ನಿಲ್ಲಬೇಕು. ಕೆಲವು ಕಾರುಗಳಲ್ಲಿ ಕಾರ್ಬುರೇಟರ್ ಅಡ್ಡಕ್ಕೆ ನೇರ, ಕೆಲವುಗಳಲ್ಲಿ ಓರೆ. ಅದಕ್ಕೆ ತಕ್ಕಂತೆ ಬಾಡಿ ಮತ್ತು ಬಟ್ಟಲಿನ ನಡುವಿನ ಅಡಾಪ್ಟರ್ ಬೇರೆಯಾಗಿರುತ್ತದೆ. ಓರೆ ಅಡಾಪ್ಟರ್ ಇರುವುದನ್ನು ನೇರಕ್ಕೆ ಹಾಕಿದರೆ ಬಟ್ಟಲು ವಾಲಿ, ಫ್ಲೋಟ್ ಎಷ್ಟು ಸರಿಮಾಡಿದರೂ ಪೆಟ್ರೋಲ್ ಉಕ್ಕುತ್ತದೆ. ಹಳದಿ ತಿರುಗಿದ ನೈಲಾನ್ ಪೈಪ್ ಬಾಗಿಸಿದರೆ ಮುರಿಯುತ್ತದೆ, ಜೆಟ್ ಸಮೇತ ಹೊಸದೇ ಬೇಕು. ಥ್ರಾಟಲ್ ಸ್ಪಿಂಡಲ್ ಹಿಡಿದು ಮೇಲೆಕೆಳಗೆ ಅಲ್ಲಾಡಿಸಿ. ಆಟ ಇದ್ದರೆ ಅಲ್ಲಿಂದ ಗಾಳಿ ನುಗ್ಗಿ ಐಡ್ಲಿಂಗ್ ನಿಲ್ಲುವುದಿಲ್ಲ, ಬುಷ್ ಹಾಕಿಸುವ ಖರ್ಚು ಬೀಳುತ್ತದೆ.

ಎರಡರಿಂದ ಒಂದು ಮಾಡುವ ಯೋಚನೆಯಲ್ಲಿ ಇನ್ನೊಂದು ಅಪಾಯವಿದೆ. ಪಿಸ್ಟನ್ ಮತ್ತು ಅದರ ಮೇಲಿನ ಗುಮ್ಮಟ ಕಾರ್ಖಾನೆಯಲ್ಲೇ ಜೋಡಿ ಮಾಡಿದವು. ಇದರ ಪಿಸ್ಟನ್, ಅದರ ಗುಮ್ಮಟ ಎಂದು ಬೆರೆಸಬಾರದು. ಜೋಡಿ ಸರಿಯಿದೆಯೇ ಎಂದು ನೋಡಲು ಪಿಸ್ಟನ್‌ನ ಗಾಳಿತೂತುಗಳನ್ನು ಮೇಣದಿಂದ ಮುಚ್ಚಿ, ಸ್ಪ್ರಿಂಗ್ ಇಲ್ಲದೆ, ಡ್ಯಾಂಪರ್ ಹಾಕಿ, ಪಿಸ್ಟನ್ ಹಿಡಿದು ಗುಮ್ಮಟವನ್ನು ತಾನಾಗಿ ಕೆಳಗೆ ಜಾರಲು ಬಿಡಿ. ಒಂದೂಕಾಲು ಇಂಚಿನದಕ್ಕೆ 3ರಿಂದ 5 ಸೆಕೆಂಡ್ ಹಿಡಿಯಬೇಕು. ಒಂದೇ ಸೆಕೆಂಡಿನಲ್ಲಿ ಬಿದ್ದರೆ ಸವೆದಿದೆ ಅಥವಾ ಜೋಡಿ ತಪ್ಪಿದೆ. ಅಂಟಿಕೊಂಡರೆ ಥಿನ್ನರ್‌ನಲ್ಲಿ ತೊಳೆದು ಮತ್ತೆ ನೋಡಿ, ಎಮರಿ ಕಾಗದ ಮಾತ್ರ ಹಚ್ಚಬೇಡಿ. ಒಮ್ಮೆ ಉಜ್ಜಿದ ಗುಮ್ಮಟ ಹಿಂದಿನ ಅಳತೆಗೆ ಬರುವುದಿಲ್ಲ.

ಅಸಲಿ ಯಾವುದು ಎಂದು ಕೇಳಿದ್ದೀರಿ. ಅರವತ್ತು ವರ್ಷ ಓಡಿದ ಕಾರಿನಲ್ಲಿ ಕಾರ್ಬುರೇಟರ್ ಒಮ್ಮೆಯಾದರೂ ಬದಲಾಗಿರುವ ಸಂಭವವಿದೆ, ಹಾಗಾಗಿ ಈಗ ಕೂತಿರುವುದೇ ಅಸಲಿ ಎಂದುಕೊಳ್ಳಬೇಡಿ. ಎಚ್2ರ ನಡುವಿನ ನಟ್ ಅಡಿಯ ತಗಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅದರ ಸಂಖ್ಯೆಯನ್ನು ನಿಮ್ಮ ಕಾರಿನ ಪಾರ್ಟ್ಸ್ ಪುಸ್ತಕದ ಜೊತೆ ತಾಳೆ ನೋಡಿ. ತಗಡು ಹೊಂದಿ, ಒಳಗಿನ ನೀಡಲ್‌ನ ಅಕ್ಷರವೂ ಹೊಂದಿದರೆ ಅದನ್ನು ಅಸಲಿ ಎಂದು ಒಪ್ಪಬಹುದು. ತಗಡು ಹೊಂದಿ ನೀಡಲ್ ಹೊಂದದಿದ್ದರೆ ಯಾರೋ ನಡುವೆ ಕೈ ಹಾಕಿದ್ದಾರೆ, ಪುಸ್ತಕದಲ್ಲಿರುವ ನೀಡಲ್ ತರಿಸಿ. ಗುಜರಿಯ ಎಚ್‌ಎಸ್2ನ್ನು ಬಿಡಿಭಾಗಗಳಿಗಾಗಿ ಕಡಿಯದೆ, ಎಣ್ಣೆ ಹಚ್ಚಿ ಹಾಗೇ ಇಡಿ. ಬಾಡಿಯ ಸ್ಪಿಂಡಲ್ ಗಟ್ಟಿಯಿದ್ದು, ಪಿಸ್ಟನ್ ಪರೀಕ್ಷೆಯಲ್ಲಿ ಪಾಸಾದರೆ, ಮುಂದೆ ಹೊಸ ಜೆಟ್, ಹೊಸ ನೀಡಲ್ ವಾಲ್ವ್, ಸರಿಯಾದ ಅಡಾಪ್ಟರ್ ಹಾಕಿ ನಿಮ್ಮ ಕಾರಿಗೇ ಅದನ್ನು ಇಡಿಯಾಗಿ ಏರಿಸಬಹುದು.